ಗೇಮ್ ಕನ್ಸೋಲ್‌ಗೆ ಹಾಕಿದ ಬಣ್ಣದ ಲೈಟ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಏಪ್ರಿಲ್‌ನ ಒಂದು ಮಧ್ಯಾಹ್ನ ಬಳ್ಳಾರಿಯ ಕೌಲ್ ಬಜಾರ್ ಕಡೆಯ ಹುಡುಗನೊಬ್ಬ ತನ್ನ ಪಿಎಸ್ 4 (ಪ್ಲೇಸ್ಟೇಷನ್ 4) ಅನ್ನು ಜೀನ್ಸ್ ಅಂಗಡಿಯ ಚೀಲದಲ್ಲಿ ತುರುಕಿಕೊಂಡು ನಮ್ಮ ಮನೆಗೆ ಬಂದ. "ಅಣ್ಣಾ, ಇದು ಸತ್ತೋಯ್ತು" ಅಂದ. ಕನ್ಸೋಲ್‌ನ ಸುತ್ತ ಎಲ್‌ಇಡಿ ಪಟ್ಟಿ ಅಂಟಿಸಿದ್ದ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಹೊರಗಿನ ಹಾರ್ಡ್ ಡಿಸ್ಕ್ ಕಾಣೆಯಾಗುತ್ತದೆ, ಆಟ ನಿಲ್ಲುತ್ತದೆ, ಇದು ಅವನ ದೂರು. ನಾನು ಪಟ್ಟಿಯ ಯುಎಸ್‌ಬಿ ಪಿನ್ ಎಳೆದು ಪಕ್ಕಕ್ಕಿಟ್ಟೆ, ಅಷ್ಟೇ. ಎರಡು ಗಂಟೆ ಆಡಿದ, ಏನೂ ಆಗಲಿಲ್ಲ. ಕನ್ಸೋಲ್ ಸತ್ತಿರಲಿಲ್ಲ, ಹಸಿದಿತ್ತು. ಅದರ ಪಾಲಿನ ಕರೆಂಟನ್ನು ಲೈಟು ತಿನ್ನುತ್ತಿತ್ತು.

ಯಾವ ತೊಂದರೆ ಬಂದರೂ ಮೊದಲ ಪರೀಕ್ಷೆ ಇದೇ. ಲೈಟಿನ ಎಲ್ಲ ವೈರು ಕನ್ಸೋಲ್‌ನಿಂದ ಬಿಡಿಸಿ, ಅದೇ ಆಟವನ್ನು ಅರ್ಧ ಗಂಟೆ ಆಡಿ. ತೊಂದರೆ ಹೋಯಿತಾ? ದೋಷ ಲೈಟಿನದು. ಹೋಗಲಿಲ್ಲವಾ? ಪಟ್ಟಿ ಗಾಳಿಯ ಸಂದಿ ಮುಚ್ಚಿಲ್ಲವಾದರೆ ಲೈಟಿನ ಮೇಲೆ ಅನುಮಾನ ಬಿಡಿ. ದುಡ್ಡು ಖರ್ಚಿಲ್ಲ, ಸ್ಕ್ರೂ ಡ್ರೈವರೂ ಬೇಡ. ಆದರೂ ಜನ ಮೊದಲು ಕನ್ಸೋಲ್ ಬಿಚ್ಚುತ್ತಾರೆ.

ಇನ್ನೊಂದು ವಿಷಯ ಈಗಲೇ ಗೊತ್ತಿರಲಿ. ಪಟ್ಟಿಯಲ್ಲಿ ಎರಡು ಜಾತಿ. ಕತ್ತರಿಸುವ ಗೆರೆಯ ಹತ್ತಿರ ನಾಲ್ಕು ತಾಮ್ರದ ಚುಕ್ಕೆ ಇದ್ದರೆ ಅದು ಸಾದಾ ಆರ್‌ಜಿಬಿ, ಇಡೀ ಪಟ್ಟಿ ಒಂದೇ ಬಣ್ಣ ತೋರಿಸುತ್ತದೆ. ಮೂರು ಚುಕ್ಕೆ ಇದ್ದು ಬಾಣದ ಗುರುತಿದ್ದರೆ ಸಾಮಾನ್ಯವಾಗಿ ಅದು ಡಬ್ಲ್ಯೂಎಸ್ 2812ಬಿ ಥರದ್ದು. ಅದರಲ್ಲಿ ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದು. ಎರಡರ ರೋಗವೂ ಬೇರೆ.

ಲೈಟ್ ಹತ್ತುವುದೇ ಇಲ್ಲ

ಮೊದಲು ರಿಮೋಟ್ ನೋಡಿ. ಹೊಸದಾದರೆ ಸೆಲ್ ಪಕ್ಕದ ಪ್ಲಾಸ್ಟಿಕ್ ನಾಲಿಗೆ ಎಳೆದಿದ್ದೀರಾ? ನಗಬೇಡಿ, ನಾನೇ ಒಮ್ಮೆ ಇದಕ್ಕಾಗಿ ಒಂದು ಸಂಜೆ ಕಳೆದಿದ್ದೇನೆ. ರಿಮೋಟ್‌ನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿ. ತಿಳಿನೇರಳೆ ಬೆಳಕು ಮಿನುಗಿದರೆ ರಿಮೋಟ್ ಸರಿ ಇದೆ. ಆಮೇಲೆ ರಿಮೋಟ್ ಮಾತು ಕೇಳುವ ಲೈಟಿನ ಕಣ್ಣು ಎಲ್ಲಿದೆ ನೋಡಿ. ಕಪ್ಪು ಮಣಿಯಂಥ ಆ ಸೆನ್ಸರ್ ಕನ್ಸೋಲ್‌ನ ಹಿಂದೆ ಅಡಗಿದ್ದರೆ ರಿಮೋಟ್ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ.

ರಿಮೋಟ್ ಸರಿಯಿದ್ದರೆ ವೋಲ್ಟೇಜ್ ನೋಡಿ. ಪಟ್ಟಿಯ ಮೇಲೆ 5 ವೋಲ್ಟ್, 12 ವೋಲ್ಟ್ ಅಥವಾ 24 ವೋಲ್ಟ್ ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. 12 ವೋಲ್ಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲ್‌ಇಡಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಅದಕ್ಕೆ ಯುಎಸ್‌ಬಿಯ 5 ವೋಲ್ಟ್ ಕೊಟ್ಟರೆ ಸಾಲುವುದೇ ಇಲ್ಲ, ಲೈಟ್ ಹತ್ತಲ್ಲ. ಇಲ್ಲಿ ಏನೂ ಕೆಟ್ಟಿಲ್ಲ, ಸರಿಯಾದ ಅಡಾಪ್ಟರ್ ಹಾಕಿದರೆ ಆಯಿತು.

ತಿರುಗುಮುರುಗಾದರೆ ಮಾತ್ರ ಕಥೆ ಬೇರೆ. ಹಳೇ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಮನೆಯಲ್ಲಿ ಬಿದ್ದಿತ್ತು. ಪಿನ್ ಸರಿಯಾಗಿ ಕೂತಿತು ಅಂತ 5 ವೋಲ್ಟ್ ಪಟ್ಟಿಗೆ ಹಾಕಿದೆ. ಒಂದು ಕ್ಷಣ ಕಣ್ಣು ಕುಕ್ಕುವಷ್ಟು ಬೆಳಕು ಬಂತು. ಆಮೇಲೆ ಕರಟಿದ ವಾಸನೆ, ಆಮೇಲೆ ಕತ್ತಲು. ಈ ಗುಂಡಗಿನ ಪಿನ್ನುಗಳ ಅಳತೆ 5 ವೋಲ್ಟಿಗೂ 12 ವೋಲ್ಟಿಗೂ ಒಂದೇ ಇರುವುದು ಜಾಸ್ತಿ. ಪಿನ್ ಕೂತ ಮಾತ್ರಕ್ಕೆ ವೋಲ್ಟೇಜ್ ಹೊಂದಿತು ಅಂತಲ್ಲ. ಅಡಾಪ್ಟರ್‌ನ ಬೆನ್ನು ಓದಿ, ಸಾಧ್ಯವಾದರೆ ಮಲ್ಟಿಮೀಟರಿನಿಂದ ಅಳೆಯಿರಿ. ಕೆಲವೇ ನೂರು ರೂಪಾಯಿಯ ಮೀಟರ್ ಸಾಕು.

ವೋಲ್ಟೇಜ್ ಸರಿಯಿದ್ದೂ ಹತ್ತುತ್ತಿಲ್ಲವೆಂದರೆ ಬಾಣ ನೋಡಿ. ಮೂರು ಚುಕ್ಕೆಯ ಪಟ್ಟಿಯಲ್ಲಿ ಸಿಗ್ನಲ್, ಅಂದರೆ ಯಾವ ಬಣ್ಣ ಹತ್ತಬೇಕು ಅನ್ನುವ ಸಂದೇಶ, ಬಾಣದ ದಿಕ್ಕಿಗೆ ಮಾತ್ರ ಹರಿಯುತ್ತದೆ. ಬಾಲದ ಕಡೆಯಿಂದ ಕೊಟ್ಟರೆ ಎಷ್ಟು ಹೊತ್ತು ಕಾದರೂ ಬೆಳಕಿಲ್ಲ. ಹಾಗೇ ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ. ಈ ಜಾತಿಯ ಪಟ್ಟಿ ಅದನ್ನು ಒಂದು ಸಲವೂ ಸಹಿಸುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಲೈಟ್ ಹಾಕಿದರೆ ಹಾರ್ಡ್ ಡಿಸ್ಕ್ ಕಳಚಿಹೋಗುತ್ತದೆ, ಇಲ್ಲವೇ ಲೈಟೇ ಆರಿ ಹತ್ತುತ್ತದೆ

ಮೊದಲು ಹೇಳಿದ ಹುಡುಗನ ಕಥೆ ಇದೇ. ಸ್ವಲ್ಪ ಲೆಕ್ಕ ಮಾಡೋಣ, ಏಕೆಂದರೆ ಅರ್ಧಕ್ಕರ್ಧ ತೊಂದರೆ ಈ ಲೆಕ್ಕದಲ್ಲೇ ಇದೆ.

ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪ್. ಯುಎಸ್‌ಬಿ 3.0 ಆದರೆ 900. ಡಬ್ಲ್ಯೂಎಸ್ 2812ಬಿ ಎಲ್‌ಇಡಿ ಒಂದು ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪ್ ಎಳೆಯುತ್ತದೆ: ಕೆಂಪಿಗೆ 20, ಹಸಿರಿಗೆ 20, ನೀಲಿಗೆ 20. ಅಂದರೆ ಹಳೇ ಕಿಂಡಿಗೆ ಎಂಟು ಎಲ್‌ಇಡಿ, ಹೊಸದಕ್ಕೆ ಹದಿನೈದು. ನೀವು ಹಾಕಿದ್ದು ಮೀಟರಿಗೆ 60 ಇರುವ ಒಂದು ಮೀಟರ್ ಪಟ್ಟಿ. ಪೂರ್ತಿ ಬಿಳಿಗೆ ಅದಕ್ಕೆ ಬೇಕಾಗುವುದು 3.6 ಆಂಪ್! ತಂಬಿಗೆ ನೀರಲ್ಲಿ ಹೊಲ ತೋಯಿಸಲಿಕ್ಕೆ ಹೊರಟ ಹಾಗೆ.

ಬಣ್ಣ ನಿಧಾನಕ್ಕೆ ಬದಲಾಗುವಾಗ ಎಲ್ಲ ಸರಿ ಇರುತ್ತದೆ. ಬಿಳಿ ಬಂದ ಕೂಡಲೇ ಕಿಂಡಿಯ ವೋಲ್ಟೇಜ್ ಕುಸಿಯುತ್ತದೆ. ಪಕ್ಕದ ಕಿಂಡಿಯಲ್ಲಿರುವ ಹಾರ್ಡ್ ಡಿಸ್ಕಿಗೆ ತಲೆಸುತ್ತು ಬರುತ್ತದೆ. ಇದನ್ನು ಹಗುರವಾಗಿ ತಗೋಬೇಡಿ. ಬರೆಯುತ್ತಿರುವಾಗ ಡಿಸ್ಕ್ ಕಳಚಿದರೆ ಅದರಲ್ಲಿನ ಆಟಗಳು ಕೆಡಬಹುದು, ಆಮೇಲೆ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಬೇಕಾಗಬಹುದು.

ಪುಕ್ಕಟೆ ಪರೀಕ್ಷೆ: ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ, ಬಿಳಿ ಬಿಟ್ಟು ಒಂದೇ ಕೆಂಪು ಹಾಕಿ. ತೊಂದರೆ ನಿಂತರೆ ರೋಗ ಹಸಿವೇ. ಔಷಧ, ಪಟ್ಟಿಗೆ ಅದರದ್ದೇ 5 ವೋಲ್ಟ್ ಅಡಾಪ್ಟರ್, ಲೆಕ್ಕ ಹಾಕಿದ್ದಕ್ಕಿಂತ ಸ್ವಲ್ಪ ಜಾಸ್ತಿ ಆಂಪಿನದು. ಕನ್ಸೋಲ್‌ನ ಕಿಂಡಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ. "ಹಾಗಾದರೆ ಕನ್ಸೋಲ್ ಆನ್ ಮಾಡಿದಾಗ ಲೈಟ್ ತಾನಾಗೇ ಹತ್ತುವುದಿಲ್ಲವಲ್ಲ?" ಹತ್ತುವುದಿಲ್ಲ. ಸ್ವಿಚ್ ಇರುವ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಸಾಕು ಅಂತ ನನ್ನ ಅಭಿಪ್ರಾಯ. ಒಂದು ಸ್ವಿಚ್ ಒತ್ತುವ ಸೋಮಾರಿತನಕ್ಕೆ ಕನ್ಸೋಲ್ ಬಲಿ ಕೊಡಬೇಕಾ?

ಹೊಸ ಅಡಾಪ್ಟರ್ ಹಾಕುವವರಿಗೆ ಒಂದು ಎಚ್ಚರಿಕೆ. ಅಡಾಪ್ಟರ್‌ನ 5 ವೋಲ್ಟ್ ತಂತಿಯನ್ನೂ ಕನ್ಸೋಲ್ ಯುಎಸ್‌ಬಿಯ 5 ವೋಲ್ಟ್ ತಂತಿಯನ್ನೂ ಎಂದೂ ಸೇರಿಸಬೇಡಿ. ಸೇರಿಸಿದರೆ ಆಫ್ ಆದ ಕನ್ಸೋಲ್‌ನೊಳಗೆ ಹಿಂಬಾಗಿಲಿನಿಂದ ಕರೆಂಟ್ ನುಗ್ಗುತ್ತದೆ. ಬಣ್ಣ ನಿಯಂತ್ರಿಸುವ ಸಣ್ಣ ಬೋರ್ಡನ್ನೂ ಪಟ್ಟಿಯನ್ನೂ ಒಂದೇ ಅಡಾಪ್ಟರ್‌ನಿಂದ ನಡೆಸಿದರೆ ಈ ಗೋಜೇ ಇಲ್ಲ.

ಅರ್ಧದವರೆಗೆ ಹತ್ತುತ್ತದೆ, ಆಮೇಲೆ ಕತ್ತಲು

ಮೂರು ಚುಕ್ಕೆಯ ಪಟ್ಟಿಯಲ್ಲಿ ಎಲ್‌ಇಡಿಗಳು ಸಿಗ್ನಲನ್ನು ಕೈಯಿಂದ ಕೈಗೆ ದಾಟಿಸುತ್ತವೆ, ಗಾರೆ ಕೆಲಸದಲ್ಲಿ ಬಾಂಡ್ಲಿ ದಾಟಿಸುವ ಸಾಲಿನ ಹಾಗೆ. ನಡುವೆ ಒಬ್ಬ ಕೈಬಿಟ್ಟರೆ ಮುಂದಿನವರೆಲ್ಲ ಸುಮ್ನೆ ನಿಲ್ಲುತ್ತಾರೆ. ತಪ್ಪು ಮೊದಲ ಕತ್ತಲೆ ಎಲ್‌ಇಡಿಯದೂ ಆಗಿರಬಹುದು, ಅದರ ಹಿಂದಿನ, ಚೆನ್ನಾಗಿ ಉರಿಯುತ್ತಿರುವ ಎಲ್‌ಇಡಿಯದೂ ಆಗಿರಬಹುದು. ಅದು ತಾನು ಉರಿದು ಮುಂದಕ್ಕೆ ದಾಟಿಸದೇ ಇರಬಹುದಲ್ವಾ?

ಬೆರಳಿಂದ ಆ ಜಾಗ ಮೆಲ್ಲಗೆ ಒತ್ತಿ. ಬೆಳಕು ಬಂದು ಹೋದರೆ ಬೆಸುಗೆ ಬಿಟ್ಟಿದೆ ಇಲ್ಲವೇ ತಾಮ್ರ ಸೀಳಿದೆ. ಮೂಲೆಯಲ್ಲಿ ಹೀಗಾಗುವುದು ಹೆಚ್ಚು. ಪಟ್ಟಿ ಮೇಲೆ ಕೆಳಗೆ ಬಾಗುತ್ತದೆ, ಅಡ್ಡಕ್ಕೆ ಬಾಗುವುದಿಲ್ಲ. ಕನ್ಸೋಲ್‌ನ ಮೂಲೆಗೆ ಬಂದಾಗ ಪಟ್ಟಿ ಕತ್ತರಿಸಿ, ನಡುವೆ ಮೂರು ತುಂಡು ವೈರ್ ಬೆಸೆದು ತಿರುಗಿಸಿ. ಮಡಚಿ ಒತ್ತಿದರೆ ಇವತ್ತು ಹತ್ತುತ್ತದೆ, ತಿಂಗಳಿಗೆ ಸೀಳುತ್ತದೆ.

ಒತ್ತಿದರೂ ಬರಲಿಲ್ಲವೆಂದರೆ ಮೀಟರ್ ತೆಗೆಯಿರಿ. ಕತ್ತಲಾದ ಎಲ್‌ಇಡಿಯ 5 ವೋಲ್ಟ್ ಚುಕ್ಕೆ ಮತ್ತು ಗ್ರೌಂಡ್ (ಮೈನಸ್) ಚುಕ್ಕೆಗೆ ಕಡ್ಡಿ ಮುಟ್ಟಿಸಿ. 5ರ ಹತ್ತಿರ ತೋರಿಸಿದರೆ ಕರೆಂಟ್ ಬರುತ್ತಿದೆ, ಸಿಗ್ನಲ್ ಬರುತ್ತಿಲ್ಲ. ಅನುಮಾನದ ಎರಡೂ ಎಲ್‌ಇಡಿ ಕತ್ತರಿಸಿ ತೆಗೆದು ಹೊಸ ತುಂಡು ಬೆಸೆಯಿರಿ. ಏನೂ ತೋರಿಸದಿದ್ದರೆ ಹಿಂದೆಲ್ಲೋ ತಾಮ್ರ ತುಂಡಾಗಿದೆ. ಬೆಸುಗೆಯ ಕಡ್ಡಿಯನ್ನು ಚುಕ್ಕೆಯ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ತಾಮ್ರ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ಬೆಸೆಯುವಾಗ ಪಟ್ಟಿ ಕನ್ಸೋಲ್ ಮೇಲೆ ಇರಬಾರದು ಅಂತ ಬೇರೆ ಹೇಳಬೇಕಿಲ್ಲ ತಾನೇ?

ಬಿಳಿ ಕೇಳಿದರೆ ತುದಿಯಲ್ಲಿ ಕೆಂಪಗೆ ಕಾಣುತ್ತದೆ

ಪಟ್ಟಿಯೊಳಗಿನ ತಾಮ್ರ ತೆಳ್ಳಗಿದೆ. ಮುಂದೆ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ನೀಲಿಗೂ ಹಸಿರಿಗೂ 3ರ ಆಸುಪಾಸು ಬೇಕು. ಹಾಗಾಗಿ ನೀಲಿ, ಹಸಿರು ಮೊದಲು ಸೋಲುತ್ತವೆ, ಕೆಂಪು ಉಳಿಯುತ್ತದೆ. ಅದೇ ಅಡಾಪ್ಟರ್‌ನಿಂದ ಎರಡು ದಪ್ಪ ವೈರ್ ಎಳೆದು ಬಾಲದ ತುದಿಗೂ 5 ವೋಲ್ಟ್, ಗ್ರೌಂಡ್ ಕೊಟ್ಟರೆ ಸರಿಹೋಗುತ್ತದೆ.

ಕೆಂಪು ಒತ್ತಿದರೆ ಹಸಿರು ಬರುತ್ತದೆ

ಇದು ದೋಷವೇ ಅಲ್ಲ. ಡಬ್ಲ್ಯೂಎಸ್ 2812ಬಿ ಬಣ್ಣ ಓದುವ ಕ್ರಮ ಹಸಿರು, ಕೆಂಪು, ನೀಲಿ. ಡಬ್ಲ್ಯೂಎಲ್‌ಇಡಿ ಥರದ, ಬಣ್ಣ ನಿಯಂತ್ರಿಸುವ ಬೋರ್ಡಿನೊಳಗೆ ಓಡುವ ತಂತ್ರಾಂಶದಲ್ಲಿ ಬಣ್ಣದ ಕ್ರಮ ಬದಲಿಸುವ ಆಯ್ಕೆ ಇದೆ, ಒಂದು ನಿಮಿಷದ ಕೆಲಸ. ಕರೆಂಟಿಗೆ ಮಿತಿ ಹಾಕುವ ಆಯ್ಕೆಯೂ ಅಲ್ಲೇ ಇದೆ, ಅದನ್ನೂ ಹಾಕಿಬಿಡಿ. ಸಾದಾ ನಾಲ್ಕು ಚುಕ್ಕೆಯ ಪಟ್ಟಿಯಲ್ಲಿ ಹೀಗಾದರೆ ಎರಡು ವೈರ್ ಅದಲುಬದಲಾಗಿವೆ.

ಮಿಣಮಿಣ ಅನ್ನುತ್ತದೆ, ಹುಚ್ಚುಹುಚ್ಚಾಗಿ ಬಣ್ಣ ಬದಲಾಗುತ್ತದೆ

ಬರೀ ಫೋನ್ ವಿಡಿಯೊದಲ್ಲಿ ಪಟ್ಟೆಪಟ್ಟೆ ಕಂಡರೆ ಬಿಡಿ. ಎಲ್‌ಇಡಿ ವೇಗವಾಗಿ ಆರಿ ಹತ್ತುವುದು ಕ್ಯಾಮೆರಾಕ್ಕೆ ಹಾಗೆ ಕಾಣುತ್ತದೆ.

ಕಣ್ಣಿಗೇ ಕಂಡರೆ ಮೊದಲು ಗ್ರೌಂಡ್ ನೋಡಿ. ಬೋರ್ಡಿಗೆ ಒಂದು ಅಡಾಪ್ಟರ್, ಪಟ್ಟಿಗೆ ಇನ್ನೊಂದು ಇದ್ದರೆ ಎರಡರ ಗ್ರೌಂಡ್ ಸೇರಿರಬೇಕು. ಅದು ಸರಿಯಿದ್ದರೆ ಸಿಗ್ನಲ್ ವೈರಿನ ಉದ್ದ ನೋಡಿ. ಇಎಸ್‌ಪಿ 32 ಥರದ ಬೋರ್ಡ್ 3.3 ವೋಲ್ಟ್ ಸಿಗ್ನಲ್ ಕೊಡುತ್ತದೆ. 5 ವೋಲ್ಟ್ ಪಟ್ಟಿ ಲೆಕ್ಕಪ್ರಕಾರ 3.5ಕ್ಕಿಂತ ಜಾಸ್ತಿ ಕೇಳುತ್ತದೆ. ವೈರ್ ಗೇಣುದ್ದ ಇದ್ದಾಗ ಹೇಗೋ ನಡೆಯುತ್ತದೆ, ಮಾರುದ್ದ ಆದರೆ ತೊದಲುತ್ತದೆ. ಬೋರ್ಡನ್ನು ಪಟ್ಟಿಯ ಹತ್ತಿರ ತನ್ನಿ. ಮೊದಲ ಎಲ್‌ಇಡಿಯ ಮುಂದೆ ಸಿಗ್ನಲ್ ವೈರಿಗೆ 330ರಿಂದ 470 ಓಮ್‌ನ ರೆಸಿಸ್ಟರ್ ಹಾಕಿ. ಪಟ್ಟಿಗೆ ಕರೆಂಟ್ ಬರುವ ಜಾಗದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ, ಅದರ ಮೈನಸ್ ಗೆರೆ ಗ್ರೌಂಡ್ ಕಡೆಗೇ ಇರಲಿ. ಇಷ್ಟಕ್ಕೂ ಬಗ್ಗದಿದ್ದರೆ 74ಎಎಚ್‌ಸಿಟಿ125 ಅನ್ನುವ ಚಿಪ್ ಸಿಗ್ನಲನ್ನು 5 ವೋಲ್ಟಿಗೆ ಏರಿಸಿಕೊಡುತ್ತದೆ.

ಕನ್ಸೋಲ್ ಆಫ್ ಮಾಡಿದರೂ ಲೈಟ್ ಆರುವುದಿಲ್ಲ

ಕನ್ಸೋಲ್ ಆಫ್ ಆಗಿಲ್ಲ, ರೆಸ್ಟ್ ಮೋಡ್‌ನಲ್ಲಿ ಮಲಗಿದೆ. ಪಿಎಸ್ 4, ಪಿಎಸ್ 5 ಎರಡರಲ್ಲೂ ಪವರ್ ಸೆಟ್ಟಿಂಗ್ಸ್ ಒಳಗೆ ರೆಸ್ಟ್ ಮೋಡ್‌ನಲ್ಲಿ ಯುಎಸ್‌ಬಿ ಕಿಂಡಿಗೆ ಕರೆಂಟ್ ಕೊಡಬೇಕಾ, ಎಷ್ಟು ಹೊತ್ತು, ಅಂತ ಕೇಳುವ ಆಯ್ಕೆ ಇದೆ. ಅದನ್ನು ಆಫ್ ಮಾಡಿ. ಕಂಟ್ರೋಲರ್ ರಾತ್ರಿ ಚಾರ್ಜ್ ಆಗುವುದೂ ಆಗ ನಿಲ್ಲುತ್ತದೆ, ಗೊತ್ತಿರಲಿ.

ಕಂಟ್ರೋಲರ್ ತಡವರಿಸುತ್ತದೆ

ಈ ಕಂಟ್ರೋಲರ್‌ಗಳು ಬ್ಲೂಟೂತ್‌ನಲ್ಲಿ, ಅಂದರೆ 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ವೈಫೈ ಇರುವ ಲೈಟ್ ಬೋರ್ಡೂ ಅದೇ ಗಲ್ಲಿಯಲ್ಲಿ ಓಡಾಡುತ್ತದೆ. ಕನ್ಸೋಲ್‌ಗೆ ಅಂಟಿಸಿದ್ದರೆ ಬಿಡಿಸಿ ಒಂದು ಮೀಟರ್ ದೂರ ಇಡಿ. ಯುಎಸ್‌ಬಿ 3.0 ಹಾರ್ಡ್ ಡಿಸ್ಕಿನ ಕೇಬಲ್ ಕೂಡ ಇದೇ ಗಲಾಟೆ ಮಾಡುತ್ತದೆ, ಹಾಗಾಗಿ ಎಲ್ಲ ತಪ್ಪನ್ನೂ ಲೈಟಿನ ತಲೆಗೆ ಕಟ್ಟಬೇಡಿ.

ಫ್ಯಾನ್ ಕೂಗುತ್ತದೆ, ಬಿಸಿಯಾಗಿ ಆಫ್ ಆಗುತ್ತದೆ

ನಮ್ಮೂರಿನವರು ಇದನ್ನು ಎರಡು ಸಲ ಓದಬೇಕು. ಪಿಎಸ್ 4 ಮತ್ತು ಪಿಎಸ್ 5ರ ಕೈಪಿಡಿ ಹೇಳುವ ಸುತ್ತಲಿನ ತಾಪಮಾನ 5ರಿಂದ 35 ಡಿಗ್ರಿ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವುದು ಮಾಮೂಲು. ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ ಸಂಜೆ ಆರಕ್ಕೂ ಗೋಡೆ ಬಿಸಿ ಉಗುಳುತ್ತಿರುತ್ತದೆ. ಅಂದರೆ ಲೈಟ್ ಹಾಕುವ ಮೊದಲೇ ಕನ್ಸೋಲ್ ಮಿತಿ ದಾಟಿದೆ. ಅದರ ಮೇಲೆ ಗಾಳಿ ಎಳೆಯುವ ಸಂದಿಗೆ ನೀವು ಪಟ್ಟಿ ಅಂಟಿಸಿದರೆ?

ಎಲ್ಲಿ ಅಂಟಿಸಬಾರದು ಅನ್ನುವುದಕ್ಕೆ ಗಾಳಿಯ ದಾರಿ ಗೊತ್ತಿರಬೇಕು. ಪಿಎಸ್ 5 ಮುಂದಿನ ಸಂದಿಗಳಿಂದ ಎಳೆದು ಹಿಂದೆ ಬಿಡುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ನಿಲ್ಲಿಸಿಟ್ಟಾಗ ಕೆಳಗಿನಿಂದ ಎಳೆದು ನೆತ್ತಿಯಿಂದ ಬಿಡುತ್ತದೆ. ಅನುಮಾನವಿದ್ದರೆ ಕನ್ಸೋಲ್ ಓಡುತ್ತಿರುವಾಗ ಟಿಶ್ಯೂ ಕಾಗದದ ಚೂರು ಸಂದಿಯ ಹತ್ತಿರ ಹಿಡಿಯಿರಿ. ಅಂಟಿಕೊಂಡರೆ ಒಳದಾರಿ, ಹಾರಿದರೆ ಹೊರದಾರಿ. ಎರಡು ಕಡೆಯೂ ಪಟ್ಟಿ ಬೇಡ. ಕನ್ಸೋಲ್ ಮೇಲೆ ಅಂಟಿಸುವುದಕ್ಕಿಂತ ಅದು ಕೂರುವ ಸ್ಟ್ಯಾಂಡಿನ ಅಂಚಿಗೆ, ಟಿವಿಯ ಬೆನ್ನಿಗೆ ಅಂಟಿಸಿದರೆ ನೋಡಲಿಕ್ಕೂ ಚೆಂದ, ಬಿಸಿಯ ಗೋಜೂ ಇಲ್ಲ.

ದೂಳಿನದು ಇನ್ನೊಂದು ಕಥೆ. ಸಂಡೂರು ರಸ್ತೆ ಕಡೆಯ ಮನೆಗಳಲ್ಲಿ ಅದಿರಿನ ಕೆಂಪು ದೂಳು ಎಲ್ಲಿ ನುಗ್ಗುವುದಿಲ್ಲ ಹೇಳಿ? ಪಟ್ಟಿಯ ಅಂಟು ಒಂದು ಮೂಲೆಯಲ್ಲಿ ಎದ್ದರೆ ಸಾಕು, ದೂಳು ಅಲ್ಲೇ ಮೆತ್ತಿ ಸಂದಿ ಮುಚ್ಚುತ್ತದೆ. ಪಿಎಸ್ 5ರ ಪಕ್ಕದ ಹಲಗೆಯನ್ನು ಸ್ಕ್ರೂ ಇಲ್ಲದೇ ತೆಗೆಯಬಹುದು, ಒಳಗೆ ದೂಳು ಸೇರಲೆಂದೇ ಮಾಡಿದ ತೂತುಗಳಿವೆ. ಪ್ಲಗ್ ಎಳೆದು, ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಆಯಿತು. ಫ್ಯಾನ್ ಗಿರ್ರೆಂದು ತಿರುಗದ ಹಾಗೆ ಕಡ್ಡಿಯಿಂದ ತಡೆದುಕೊಳ್ಳಿ.

ಕೊನೆಯದಾಗಿ, ಕನ್ಸೋಲ್‌ನ ಸ್ವಂತ ದೀಪವನ್ನು ಮುಚ್ಚಬೇಡಿ. ಮೊದಲ ಪಿಎಸ್ 4ರ ದೀಪದ ಗೆರೆ ಕೆಂಪಗೆ ಮಿನುಗಿದರೆ ಬಿಸಿ ಮಿತಿ ಮೀರಿದೆ ಅಂತ ಅರ್ಥ. ಅದರ ಮೇಲೇ ಕೆಂಪು ಪಟ್ಟಿ ಎಳೆದು "ಸೂಪರ್ ಲುಕ್" ಅಂತ ಕೂತವರನ್ನು ನೋಡಿದ್ದೇನೆ. ಅದು ಕೂಗಿ ಹೇಳುತ್ತಿತ್ತು, ಇವರು ಅಲಂಕಾರ ಅಂದುಕೊಂಡಿದ್ದರು.

ಮುಟ್ಟಿದರೆ ಜುಮ್ ಅನ್ನುತ್ತದೆ

ಸಣ್ಣಗೆ ಇರುವೆ ಹರಿದ ಹಾಗಿದ್ದರೆ ಅದು ಹೆಚ್ಚಾಗಿ ಎರಡು ಪಿನ್ನಿನ ಅಡಾಪ್ಟರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ ಸೋರುವ ತೀರಾ ಸಣ್ಣ ಕರೆಂಟ್. ಪಿಎಸ್ 5ರ ವೈರಿಗೂ ಎರಡೇ ಪಿನ್, ಅರ್ತ್ ಇಲ್ಲ. ಲೈಟಿನ ಅಡಾಪ್ಟರ್ ಪ್ಲಗ್ ಎಳೆದಾಗ ಜುಮ್ ನಿಂತರೆ ಆ ಅಡಾಪ್ಟರ್ ಎಸೆಯಿರಿ, ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿ ಗುರುತಿನದು ತನ್ನಿ.

ಹೊಡೆತದ ಹಾಗೆ ಬಡಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಕನ್ಸೋಲ್ ಮುಟ್ಟಬೇಡಿ, ಎಂಸಿಬಿ ಕೆಳಗಿಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ನಮ್ಮ ಬಂಡೆ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಕೂತಿರುತ್ತದೆ. ಅದನ್ನೂ ಅಳೆದು ನೋಡಿ ಅಂತ ಅವರಿಗೆ ಹೇಳಿ.

ಸುಟ್ಟ ವಾಸನೆ, ಇಲ್ಲವೇ ಯುಎಸ್‌ಬಿ ಕಿಂಡಿ ಸತ್ತಿದೆ

ವಾಸನೆ ಬಂದರೆ ಗೋಡೆಯ ಸ್ವಿಚ್ ಮೊದಲು, ಯೋಚನೆ ಆಮೇಲೆ. ಕಿಂಡಿ ಮಾತ್ರ ಸತ್ತಿದ್ದರೆ ಕನ್ಸೋಲ್ ಪ್ಲಗ್ ಎಳೆದು ಹತ್ತು ನಿಮಿಷ ಬಿಡಿ, ಬೇರೆ ಕೇಬಲ್ ಹಾಕಿ ನೋಡಿ. ಬಂದರೆ ಅದೃಷ್ಟ. ಬರದಿದ್ದರೆ ಮುಂದಿನದು ಬೋರ್ಡ್ ಮಟ್ಟದ ರಿಪೇರಿ, ಮನೆಯಲ್ಲಿ ಆಗುವಂಥದ್ದಲ್ಲ.

ಒಳಗೇ ಲೈಟ್ ಕೂರಿಸುತ್ತೇನೆ, ಫ್ಯಾನಿನ ವೈರಿನಿಂದ ಕರೆಂಟ್ ಕದಿಯುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು. ಫ್ಯಾನ್ ನಿಧಾನವಾದರೆ ಕನ್ಸೋಲ್ ಬೇಯುತ್ತದೆ. ಪಿಎಸ್ 4, ಪಿಎಸ್ 5 ಎರಡರಲ್ಲೂ ಪವರ್ ಸಪ್ಲೈ ಒಳಗೇ ಇದೆ, ಪ್ಲಗ್ ಎಳೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಪಿಎಸ್ 5ರ ಚಿಪ್ಪಿಗೂ ಅದರ ಬಿಸಿ ಹೀರುವ ಲೋಹದ ತುಂಡಾದ ಹೀಟ್ ಸಿಂಕಿಗೂ ನಡುವೆ ದ್ರವ ಲೋಹ ಹಾಕಿದ್ದಾರೆ. ಹೀಟ್ ಸಿಂಕ್ ಎತ್ತಿದಾಗ ಅದು ಪಕ್ಕದ ಬಿಡಿಭಾಗಗಳ ಮೇಲೆ ಹರಿದರೆ ಶಾರ್ಟ್ ಆಗುತ್ತದೆ.

ರಿಪೇರಿಗೆ ಒಯ್ಯುವ ಮೊದಲು ಪಟ್ಟಿ ಇದ್ದ ಹಾಗೇ ಎರಡು ಫೋಟೊ ತೆಗೆದುಕೊಳ್ಳಿ, ಆಮೇಲೆ ಬಿಚ್ಚಿ. ಕುಳಿತ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಮಸುಕಾಗುತ್ತದೆ. ಲೈಟ್ ಹಾಕಿದ್ದನ್ನು ಮುಚ್ಚಿಡದೇ ಹೇಳಿ, ಯಾವ ಅಡಾಪ್ಟರ್, ಎಷ್ಟು ವೋಲ್ಟ್, ಯಾವ ಕಿಂಡಿ ಅಂತ. ಅಡಾಪ್ಟರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ರಿಪೇರಿಯವರು ಮೊದಲು ಕೇಳುವುದು ಅದನ್ನೇ.